ಅಣ್ಣನ ಎಡೆ

ಸೊಗಡವರೆ ಸುಲಿದ ಬೆರಳನ್ನು ಎಷ್ಟು ತೊಳೆದರೂ ಆ ಜಿಡ್ಡು ವಾಸನೆ ಬೇಗ ಬಿಡುವುದಿಲ್ಲ. ಮರ್ಫಿ ಟೌನಿನಲ್ಲಿ ನಮ್ಮ ಬಾಗಿಲಿಗೆ ಬರುವ ತಳ್ಳುಗಾಡಿಯ ಅವರೆಯಲ್ಲಿ ಸೊಗಡು ಅಷ್ಟಕ್ಕಷ್ಟೇ. ಆದರೂ ಮೂಗಿಗೆ ತಾಕಿದರೆ ಸಾಕು, ಬೈಯಪ್ಪನಹಳ್ಳಿಯ ಆಚೆಗಿದ್ದ ನಮ್ಮ ಹೆಂಚಿನ ಮನೆ ಎದ್ದು ಬರುತ್ತದೆ. ಒಲೆಯ ಮುಂದೆ ಅವ್ವ ಎರಡು ಕಾಲಿಂದ ಮಡಕೆ ಅದುಮಿಕೊಂಡು ಹಿಟ್ಟು ತೊಳಸುತ್ತಿದ್ದಳು. ಬಿಸಿ ಮುದ್ದೆ ತಟ್ಟೆಗೆ ಬಿದ್ದ ಕೂಡಲೇ ಅಣ್ಣ ಹಿಸುಕಿದ ಬೇಳೆ ಸಾರಿನಲ್ಲಿ ತುತ್ತು ಅದ್ದಿ, ಕಣ್ಣು ಮುಚ್ಚಿ ನುಂಗುತ್ತಿದ್ದ. ಅಪ್ಪ ಹೋದ ಮೇಲೆ ಹೊಲ ನೋಡಿಕೊಂಡವನು ಅವನೇ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅವನ ಬೆನ್ನಿಗೇ ಅಂಟಿಕೊಂಡು ಬೆಳೆದವಳು. ಆ ಮನೆಯ ಮೇಲೆ ಈಗ ರಸ್ತೆ ಹಾಸಿದ್ದಾರೆ. ನಿಮ್ಮ ಮನೆಯೂ ಹೀಗೆ ರಸ್ತೆಯ ಕೆಳಗೆ ಹೋಗಿದ್ದರೆ ಈ ಸಂಕಟ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅಣ್ಣ ದಂಟು, ಸಬ್ಬಸಿಗೆ ಕಟ್ಟುಗಳನ್ನು ಲೂನಾದ ಮೇಲೆ ಹೇರಿಕೊಂಡು ಕಂಟೋನ್ಮೆಂಟಿನ ಒಂದು ದೊಡ್ಡ ಹೋಟೆಲಿನ ಹಿಂಬಾಗಿಲಿಗೆ ಹಾಕಿ ಬರುತ್ತಿದ್ದ. ಒಂದು ದಿನ ಅಲ್ಲಿನ ಅಡುಗೆಯವರು ಅವನ ಡಬ್ಬಿಗೆ ಬಿಳಿ ಗೊಜ್ಜಿನಲ್ಲಿ ಬೇಯಿಸಿದ ಹೂಕೋಸು ತುಂಬಿ ಕಳಿಸಿದರು. ಅವ್ವ ಒಂದು ಚೂರು ನಾಲಿಗೆಗಿಟ್ಟು ಥೂ ಎಂದು ಉಗಿದಳು. "ಹಾಲು ಒಡೆದೋಗೈತೆ ಕಣೋ, ಎಮ್ಮೆಗೆ ಹಾಕು." ಅಣ್ಣ ನಕ್ಕು, ಮುದ್ದೆಯ ತುತ್ತನ್ನು ಅದಕ್ಕೇ ಅದ್ದಿ ನುಂಗಿದ. "ಅವ್ವಾ, ನಿನ್ ಸಾರಿಗೆ ತಂಗಿ ಇದ್ದಂಗೈತೆ," ಎಂದ. ನಾನೂ ಉಗಿದೆ, ಅವ್ವ ಉಗಿದಳೆಂದು.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಹೊಲ ಸೈಟುಗಳಾಗಿ ಹೋಯಿತು. ಮಾರುವಾಗ ನಾನೂ ಸಹಿ ಹಾಕಿದ್ದೆ. ಆದರೆ ನನ್ನ ಸಿಟ್ಟೆಲ್ಲ ಅಣ್ಣನ ಮೇಲೆ ತಿರುಗಿತು. ಅವನು ಬಿಳಿ ಪಂಚೆ ಉಟ್ಟು ಇಂದಿರಾನಗರದ ಒಂದು ಹೋಟೆಲಿಗೆ ಹೋಗುವುದನ್ನು ಕಲಿತ. ಮೇಜಿಗೆ ಬಿಳಿ ಬಟ್ಟೆ ಹಾಸಿ, ಒಂದೊಂದೇ ತಟ್ಟೆ ನಿಧಾನವಾಗಿ ತಂದಿಡುವ ಜಾಗ. ಬಂದು ಆಸೆಯಿಂದ ವರ್ಣಿಸುತ್ತಿದ್ದ, ಆಮೇಲೆ ಅಷ್ಟೇ ಆಸೆಯಿಂದ ಉಪ್ಪುಸಾರು ಕೇಳುತ್ತಿದ್ದ. "ಬಾರೇ ಒಂದ್ಸಲ, ನಾಲ್ಗೆ ಏನ್ ಸವೆದೋಗಲ್ಲ," ಎಂದರೆ ನಾನು, "ಹೊಲ ತಿಂದಿದ್ದು ಸಾಕಾಗ್ಲಿಲ್ವಾ?" ಎಂದು ಚುಚ್ಚುತ್ತಿದ್ದೆ. "ಅದೂ ರುಚಿ, ಇದೂ ರುಚಿ. ನಿಂಗ್ಯಾಕೆ ಹೊಟ್ಟೆ ಉರಿ?" ಎನ್ನುತ್ತಿದ್ದ. ಒಂದು ಸಲವೂ ಅವನ ಜೊತೆ ಹೋಗಲಿಲ್ಲ. ಅವ್ವ ಹೋದ ಎರಡು ವರ್ಷಕ್ಕೆ ಅವನೂ ಎದೆನೋವೆಂದು ಕೂತವನು ಏಳಲಿಲ್ಲ.

ಆ ವರ್ಷ ಪಿತೃಪಕ್ಷದಲ್ಲಿ ಅವನಿಗೆ ಮೊದಲ ಎಡೆ. ಸತ್ತವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಎಲೆಯ ಮೇಲಿರಬೇಕು. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗುವ ತನಕ ಮನೆಯವರು ಒಂದು ಅಗುಳೂ ಬಾಯಿಗೆ ಹಾಕುವಂತಿಲ್ಲ. ಅತ್ತಿಗೆ ಸೊರಗಿಹೋಗಿದ್ದಳು, ಎಲ್ಲಕ್ಕೂ ನಾನೇ ಮುಂದೆ ನಿಂತೆ. ಮುದ್ದೆ, ಕೋಳಿಸಾರು, ಬೀಡಿಕಟ್ಟು, ಬ್ರಾಂದಿ ಎಲ್ಲ ಇಟ್ಟೆ. ಅಷ್ಟರಲ್ಲಿ ಅತ್ತಿಗೆ ಆ ಹೋಟೆಲಿನಿಂದ ಒಂದು ಬಿಳಿ ಡಬ್ಬಿ ತಂದಳು. ಬೆಣ್ಣೆಯಲ್ಲಿ ಬೇಯಿಸಿದ ಮೀನು.

"ಆಚೆ ಇಡು ಅದನ್ನ," ಎಂದೆ.

"ಅವರಿಗೆ ಪ್ರಾಣ ಅಲ್ವೇನಮ್ಮಾ ಇದು?"

"ಹೊಲ ನುಂಗಿದ ಊಟ. ನಮ್ಮ ಹಿರೀಕರ ಮುಂದೆ ಇಡಲ್ಲ."

"ಬ್ರಾಂದಿ ಇಟ್ಟಿದ್ದೀಯ, ಬೀಡಿ ಇಟ್ಟಿದ್ದೀಯ. ಮೀನು ಏನ್ ಪಾಪ ಮಾಡ್ತು? ಬದುಕಿದ್ದಾಗ್ಲೂ ತುತ್ತು ತುತ್ತಿಗೂ ಆಡ್ಕೊಂಡೆ. ಇವತ್ತಾದ್ರೂ ಹೊಟ್ಟೆ ತುಂಬ ಉಣ್ಲಿ ಬಿಡೇ."

ಅವಳ ಕೈಯಿಂದ ಡಬ್ಬಿ ಕಿತ್ತುಕೊಂಡು ಬಾಗಿಲು ಎಳೆದೆ. ಅತ್ತಿಗೆ ಜಗಲಿಯ ಮೇಲೆ ಮುಖ ತಿರುಗಿಸಿ ಕೂತಳು. ಅವತ್ತಿನಿಂದ ಅವಳು ನನ್ನೊಡನೆ ಮಾತಾಡಿಲ್ಲ, ಮಾತಾಡಿಸಲು ನನಗೂ ಮುಖವಿಲ್ಲ. ಡಬ್ಬಿಯನ್ನು ನಾಯಿಗೆ ಹಾಕುತ್ತೇನೆಂದು ಹಿತ್ತಲಿಗೆ ಹೋದವಳು, ಮುಚ್ಚಳ ತೆಗೆದೆ. ಬೆಣ್ಣೆಯ, ನಿಂಬೆಯ ಘಮ ಬಂತು. ಇದಕ್ಕೇನಿದೆ ಅಂಥದ್ದು ಎಂಬ ಹಗೆಯಿಂದಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಆಮೇಲೆ ಇನ್ನೊಂದು. ಒಳಗೆ ಮುಚ್ಚಿದ ಬಾಗಿಲ ಹಿಂದೆ ಅಣ್ಣ ಅರ್ಧ ಎಲೆಯ ಮುಂದೆ ಕೂತಿದ್ದಾನೆಂದು ಗೊತ್ತಿದ್ದೂ, ಅವನ ಪಾಲನ್ನು ಅವನಿಗಿಂತ ಮೊದಲು ನಿಂತಲ್ಲೇ ತಿಂದು ಮುಗಿಸಿದೆ. ಅವನು ಹೇಳುತ್ತಿದ್ದಷ್ಟೂ ನಿಜ, ಅಷ್ಟು ರುಚಿಯಾಗಿತ್ತು. ಮೆತ್ತಗೆ ಇಳಿದುಹೋಯಿತು. ಗಂಟಲಿಗೆ ಸಿಕ್ಕಿಕೊಳ್ಳಲು ಅದರಲ್ಲಿ ಒಂದು ಮುಳ್ಳೂ ಇರಲಿಲ್ಲ.