ಬೋಣಿ ಮಾಡಿ ಕೆಡಿಸಿದ್ದು

ಹಾಲು ಕೊಂಡರೆ ಮೊದಲು ನೀರು ಹುಡುಕುವವನು ನಾನು. ನನಗೆ ನಂಬಿಕೆ ತಡ, ಅನುಮಾನ ಬೇಗ.

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ನಮ್ಮ ಮನೆಯಲ್ಲಿ ನನ್ನ ಹೆಂಡತಿ ರಾಗಿ ಹುರಿಹಿಟ್ಟು ಮಾಡಿ ಮಾರುತ್ತಾಳೆ. ಬಂಗಾರಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅವಳ ತಮ್ಮ ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಫೋನಿನಲ್ಲಿ ಹುರಿಹಿಟ್ಟು ಅಂತ ಹುಡುಕಿದರೆ ನಮ್ಮ ಹೆಸರೇ ಮೊದಲು ಬರುತ್ತಿತ್ತು, ಅವಳ ಆರ್ಡರುಗಳೆಲ್ಲ ಅಲ್ಲಿಂದಲೇ. ಆಮೇಲೆ ಅದು ಕೆಳಕ್ಕೆ ಜಾರಿತು. ಮೇಲೆ ಬಂದು ಕೂತದ್ದು ಬಂಗಾರಪೇಟೆಯ ಒಂದು ಹುರಿಹಿಟ್ಟಿನ ಅಂಗಡಿ, ಅದೂ ಬಾಮೈದನ ಬೀದಿಯದೇ. ಅನುಮಾನಕ್ಕೆ ನನಗೆ ಇನ್ನೇನು ಬೇಕು?

ಅವನನ್ನು ಕೇಳಿದರೆ, ಪುಟ ತೆರೆಯುವುದು ನಿಧಾನ, ಜನ ಕಾಯದೆ ಹಿಂದಕ್ಕೆ ಹೋಗುತ್ತಾರೆ, ಹಾಗಾದರೆ ನಮ್ಮ ಸೈಟು ಹಿಂದೆ ಬೀಳಬಹುದು ಅಂದ. ಪುಟಕ್ಕೆ ಭಾರವಾಗಿರುವ ಹಿಟ್ಟಿನ ಗಿರಣಿಯ ವಿಡಿಯೊ ತೆಗೆದುಹಾಕೋಣ ಅಂದ. ಆ ವಿಡಿಯೊ ನಾನು ಹಟ ಹಿಡಿದು ಹಾಕಿಸಿದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಕೊಂಡು ಒಪ್ಪಲಿಲ್ಲ.

ಅವನಿಗೆ ಹೇಳದೆ ನಾನೇ ಒಂದು ಉಪಾಯ ಹೂಡಿದೆ. ಬೋಣಿ. ನಮ್ಮಲ್ಲಿ ಕನ್ನಡದವರಿಗೂ ತಮಿಳಿನವರಿಗೂ ತೆಲುಗಿನವರಿಗೂ ಅದೇ ಮಾತು. ಬೆಳಿಗ್ಗೆ ಮೊದಲು ಬಂದವರ ಕೈಗುಣದ ಮೇಲೆ ದಿನದ ವ್ಯಾಪಾರ. ಕ್ಯಾಸಂಬಳ್ಳಿಯ ಚಿಕ್ಕಮ್ಮನಿಂದ ಹಿಡಿದು ಇಲ್ಲೇ ಪಕ್ಕದ ಮೈಸೂರು ಮೈನ್ಸ್‌ನ ಹಳೇ ಗೆಳೆಯರವರೆಗೆ ಕೈಗುಣ ಒಳ್ಳೆಯದಿದ್ದವರಿಗೆಲ್ಲ ಹೇಳಿದೆ: ಎದ್ದ ಕೂಡಲೇ ಹುಡುಕಿ, ನಮ್ಮ ಹೆಸರು ಒಂದು ಸಲ ಒತ್ತಿ, ಸಾಕು. ಪಾಪ, ದಿನಾ ತಪ್ಪದೆ ಮಾಡಿದರು. ಸೈಟು ಇನ್ನೂ ಕೆಳಗೆ ಹೋಯಿತು. ಇದು ಬಾಮೈದನದೇ ಕೆಲಸ ಎಂದು ನನಗೆ ಖಾತ್ರಿಯಾಯಿತು.

ಬಸ್ಸು ಹತ್ತಿ ಬಂಗಾರಪೇಟೆಗೆ ಹೋದೆ. ಅಂಗಡಿ ತುಂಬ ಗಿರಾಕಿಗಳಿದ್ದರು. ಅವರೆದುರಿಗೇ ಕೇಳಿದೆ.

"ಆ ಅಂಗಡಿಯೋರತ್ರ ಏನ್ಲಾ ಇಸ್ಕಂಡೆ, ನಿಮ್ಮಕ್ಕನ್ನ ಕೆಳಕ್ಕೆ ತಳ್ಳಕ್ಕೆ?"

ಅವನ ಮುಖ ಸಣ್ಣದಾಯಿತು. ಜಗಳಕ್ಕೆ ಬರಲಿಲ್ಲ. ದಿನಾ ಹೇಗೆ ನೋಡುತ್ತೀರಿ, ತೋರಿಸಿ ಅಂದ. ಬೋಣಿಯ ವಿಷಯ ಹೇಳಿ, ಮಾಡಿಯೂ ತೋರಿಸಿದೆ. ಹೆಸರು ಒತ್ತಿದೆ, ಪರದೆ ಬೆಳ್ಳಗೆ ನಿಂತಿತು, ನಾನು ಹಿಂದಕ್ಕೆ ಬಂದೆ.

"ಪುಟ ತೆರೆಯೋಕೆ ಮುಂಚೇನೇ ಓಯ್ತಿದ್ದೀರಲ್ಲ ಭಾವ," ಅಂದ. "ದಿನಾ ಅಷ್ಟು ಜನ ಬಾಗಿಲ ತನಕ ಬಂದು, ಬೇಡ ಅಂತ ವಾಪಸ್ ಓದ್ರೆ, ನೋಡೋರು ಏನಂದ್ಕಂತಾರೆ?"

ಅದೊಂದೇ ಕಾರಣ ಅನ್ನಲಾರೆ ಅಂತಲೂ ಹೇಳಿ, ನನ್ನೆದುರಿಗೇ ಸೈಟಿನಿಂದ ಆ ವಿಡಿಯೊ ತೆಗೆದುಹಾಕಿದ. ಪುಟ ಒತ್ತಿದ ಕೂಡಲೇ ತೆರೆಯಿತು. ನನಗೆ ನಾಚಿಕೆಯಾಯಿತು, ಆದರೂ ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ.

ಬೋಣಿ ನಿಲ್ಲಿಸಿದೆವು. ಕೆಲವು ವಾರಗಳಲ್ಲಿ ನಮ್ಮ ಹೆಸರು ಮತ್ತೆ ಮೇಲೆ ಬಂತು. ಅವತ್ತೇ ಬಾಮೈದ ಮನೆಗೆ ಬಂದ, ಊಟಕ್ಕೆ ಕೂರಲಿಲ್ಲ. ಸೈಟಿನ ಪಾಸ್‌ವರ್ಡ್ ಬರೆದ ಚೀಟಿಯನ್ನು ಅಕ್ಕನ ಕೈಗಿಟ್ಟು, ಇನ್ನು ಮೇಲೆ ಭಾವನೇ ನೋಡಿಕೊಳ್ಳಲಿ ಅಂದು ಹೊರಟುಹೋದ. ನನಗೋ ಅದರಲ್ಲಿ ಒಂದಕ್ಷರ ಬದಲಿಸಲೂ ಬಾರದು. ಅವಳು ಚೀಟಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ನನ್ ತಮ್ಮಂಗೆ ಏನಂದ್ರಿ?"