ಹೋತಕ್ಕೆ ಬಹುವಚನ ಇಲ್ಲ

ಹೆಂಡತಿಯ ತವರಾದ ಬಸವನ ಬಾಗೇವಾಡಿಯಲ್ಲಿ ನನಗಿದ್ದ ಆಸ್ತಿ ಒಂದೇ, ಅದು ‘ರಿ’. ಬರ್ರಿ, ಕುಂದರ್ರಿ, ಚಹಾ ತಗೋರಿ. ಹಿರಿಯ ಅಳಿಯನೆಂಬ ಕಾರಣಕ್ಕೆ ಮದುವೆಯಾದಾಗಿನಿಂದ ಸಿಗುತ್ತಿದ್ದ ಮರ್ಯಾದೆ ಅದು. ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಅಲ್ಲಿ ಹುಡುಗರು ಎದುರಿಗೆ ‘ಸರ್’ ಅನ್ನುತ್ತಾರೆ, ಬೆನ್ನ ಹಿಂದೆ ಏನನ್ನುತ್ತಾರೋ ಎಂಬ ಚಿಂತೆ ನನ್ನದು. ಬಾಗೇವಾಡಿಯಲ್ಲಿ ಆ ಚಿಂತೆ ಇರಲಿಲ್ಲ. ಅಂಥ ಜಾಗವನ್ನು ನಾನು ಕಳೆದುಕೊಂಡದ್ದು ಒಂದು ಮಂತ್ರದ ನಿಯಮಕ್ಕೆ ಅರ್ಥ ಹೇಳಲು ಹೋಗಿ.

ಹೆಂಡತಿಯ ತಮ್ಮನದು ಅಲ್ಲಿ ಔಷಧಿ ಅಂಗಡಿ. ಬೆಳಗಾವಿಯ ಹಾಸ್ಟೆಲಿನಲ್ಲಿ ಕಲಿತ ಆಟವೊಂದನ್ನು ಅವನು ಮನೆಗೆ ತಂದ. ಜಮಖಾನೆಯ ಮೇಲೆ ಸುತ್ತ ಕೂತು ಆಡುವ ಆಟ. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಆ ಕತೆಯೊಳಗೆ ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನಿಯಮಗಳೆಲ್ಲ ಒಂದು ದಪ್ಪ ಇಂಗ್ಲಿಷ್ ಪುಸ್ತಕದಲ್ಲಿವೆ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಪಡಸಾಲೆಯಲ್ಲಿ ಆಟ. ಕತೆ ನಡೆಸುವವನು ಹೆಂಡತಿಯ ತಮ್ಮ. ಹೆಂಡತಿ ಬಿಲ್ಲುಗಾರ್ತಿ. ಅವಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಮಾಂತ್ರಿಕ. ಮುದ್ದೇಬಿಹಾಳದಲ್ಲಿ ಅವನದು ಸಿಮೆಂಟಿನ ಅಂಗಡಿ, ಎತ್ತರದ ದನಿ, ಮೂಗಿನ ತುದಿಯಲ್ಲಿ ಸಿಟ್ಟು. ನಾನು ಕತ್ತಿವೀರ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡುವವನು ಬೇರೆಲ್ಲಿ ಕತ್ತಿವೀರ ಆಗಬೇಕು?

ಆ ದಿನ ಕತೆಯಲ್ಲಿ ನಾವು ಒಂದು ಕಡಿದಾದ ಗುಡ್ಡದ ಅಂಚಿನಲ್ಲಿದ್ದೆವು. ರಾಕ್ಷಸನೊಬ್ಬ ನನ್ನ ವೀರನನ್ನು ಮೂಲೆಗೆ ಒತ್ತಿದ್ದ. ಇನ್ನೊಂದು ಏಟು ಬಿದ್ದರೆ ನನ್ನ ಕತೆ ಮುಗಿಯುತ್ತಿತ್ತು.

“ರೂಪ ಬದಲಿಸೋ ಮಂತ್ರಾ ಹಾಕ್ತೇನಿ,” ಎಂದ ಷಡ್ಡಕ. “ದೊಡ್ಡವರನ್ನ ಹೋತ ಮಾಡ್ತೇನಿ. ಹೋತ ಆದ್ರ ಎಂಥಾ ಗುಡ್ಡಾನೂ ಹತ್ತತೈತಿ.”

ಮಂತ್ರ ಬೇಡವೆನ್ನುವವನು ದಾಳ ಎಸೆದು ತಪ್ಪಿಸಿಕೊಳ್ಳಬಹುದು, ಒಪ್ಪಿದವನಿಗೆ ದಾಳವಿಲ್ಲ ಎನ್ನುತ್ತದೆ ಪುಸ್ತಕ. “ಒಪ್ಪಿಗಿ ಐತೇನ್ರಿ ದೊಡ್ಡ ಮಾಮಾರ?” ಎಂದು ಕೇಳಿದ ಹೆಂಡತಿಯ ತಮ್ಮ. ನಾನು ಹೋತವಾದರೆ ಕತ್ತಿ ಎಲ್ಲಿ ಹೋಗುತ್ತದೆ, ಬೂಟು ಎಲ್ಲಿ ಹೋಗುತ್ತದೆ ಎಂದು ಚಿಂತೆ ಮಾಡುತ್ತ ಕೂತಿದ್ದೆ.

“ಸುಮ್ಮ ಅದಾರ ಅಂದ್ರ ಒಪ್ಪಿಗೀನ,” ಎಂದು ಷಡ್ಡಕ ನೆಲಕ್ಕೆ ಕೈ ಬಡಿದ. “ಮಾಮಾ ಹೋತು!”

ನಮ್ಮ ಕಡೆ ‘ಹೋಯಿತು’ ಎನ್ನುವುದನ್ನು ‘ಹೋತು’ ಅನ್ನುತ್ತಾರೆ. ಗಂಡು ಆಡಿಗೂ ‘ಹೋತ’, ‘ಹೋತು’ ಎಂದೇ ಹೆಸರು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಹಿರಿಯ ಅಳಿಯ ಎದ್ದು ಹೋದರೆ ಆ ಮನೆಯಲ್ಲಿ ‘ಹೋದ್ರು’ ಅನ್ನುವುದು ರೂಢಿ. ‘ಹೋತು’ ಅನ್ನುವುದು ಕರೆಂಟಿಗೆ, ಬಸ್ಸಿಗೆ. ಇದು ಹೊಳೆಯುವಷ್ಟರಲ್ಲಿ ನಗು ಮುಗಿದಿತ್ತು.

ನನ್ನ ಸರದಿ ಬಂತು. “ರಾಕ್ಷಸನ ಹಿಂದಕ್ಕೆ ಹೋಗಿ, ನಿಮಗೆಲ್ಲ ಸನ್ನೆ ಮಾಡಿ...” ಎಂದು ಶುರು ಮಾಡಿದೆ.

“ತಡೀರಿ, ತಡೀರಿ. ಹೋತಕ್ಕ ಅಷ್ಟು ಬುದ್ಧಿ ಇರತೈತೇನ್ರಿ?” ಹೆಂಡತಿಯ ತಮ್ಮ ಪುಸ್ತಕವನ್ನು ನನ್ನ ಮಡಿಲಿಗೇ ಇಟ್ಟ. “ನೀವ ಓದಿ ಹೇಳ್ರಿ. ಈ ಸಾಲಿನ ಅರ್ಥಾ ಏನ್ರಿ?”

ಅದು ಆ ಮನೆಯಲ್ಲಿ ನನಗೆ ಸಿಕ್ಕ ಕೊನೆಯ ‘ರಿ’. ಸುಳ್ಳು ಹೇಳಬಹುದಿತ್ತು, ಅವರ್‍ಯಾರಿಗೂ ಅಷ್ಟು ಇಂಗ್ಲಿಷ್ ಬರುವುದಿಲ್ಲ. ಆದರೆ ವಾಕ್ಯ ಕಂಡರೆ ಬಿಡಿಸುವ ಕಸುಬು ನನ್ನದು. ಮೈ ಮಾತ್ರವಲ್ಲ, ಬುದ್ಧಿಯೂ ಆ ಪ್ರಾಣಿಯದೇ ಆಗುತ್ತದೆ. ಮಾತು ಬರುವುದಿಲ್ಲ. ಸ್ವಭಾವವೊಂದು ಮಾತ್ರ ಮೊದಲಿನದೇ ಉಳಿಯುತ್ತದೆ. ಕ್ಲಾಸಿನಲ್ಲಿ ಹೇಳುವಂತೆ ಬಿಡಿಸಿ ಹೇಳಿದೆ.

“ಮತ್ತ ನೀ ಸುಮ್ಮ ಕುಂದ್ರು,” ಎಂದ ಅವನು. “ಹೋತ ಮಾತಾಡಂಗಿಲ್ಲ.”

“ಲೇ ಹೋತ, ಹಿಂದ ಸರಿ, ಬಾಣಾ ಬಿಡಬೇಕು,” ಎಂದಳು ಹೆಂಡತಿ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ಎದುರು ಅವಳ ಬಾಯಲ್ಲಿ ‘ಲೇ’ ಬಂದದ್ದಿಲ್ಲ. ಅದನ್ನು ಎಷ್ಟು ಸಲೀಸಾಗಿ ಅಂದಳೆಂದರೆ, ಎಲ್ಲೋ ಅಭ್ಯಾಸ ಮಾಡಿಕೊಂಡಿರಬೇಕು ಎನಿಸಿತು.

“ಹೋತ ಆದ್ರೇನು, ಒಳಗೆ ನಾನೇ ಇದ್ದೀನಲ್ಲ? ಬಹುವಚನ ಕೊಟ್ಟು ಮಾತಾಡ್ರಿ,” ಎಂದೆ.

“ಬಹುವಚನಾ?” ಷಡ್ಡಕ ಕಣ್ಣು ಅಗಲಿಸಿದ. “ಸಂತ್ಯಾಗ ಹೋತಕ್ಕ ಬರ್ರಿ ಸಾಹೇಬ್ರ ಅಂತಾರೇನು?”

“ಪುಸ್ತಕದಾಗ ಬಹುವಚನದ್ದು ಏನೂ ಬರದಿಲ್ಲ,” ಎಂದ ಹೆಂಡತಿಯ ತಮ್ಮ, ನ್ಯಾಯಾಧೀಶನ ಮುಖ ಮಾಡಿ.

ಪ್ರಾಣಿ ಸತ್ತರೆ ಮನುಷ್ಯ ಮೊದಲಿನ ರೂಪಕ್ಕೆ ಮರಳುತ್ತಾನೆ ಎಂಬ ಸಾಲೂ ಅದೇ ಪುಟದಲ್ಲಿತ್ತು. ಸರಿ, ಗುಡ್ಡದಿಂದ ಹಾರಿಬಿಡುತ್ತೇನೆ ಎಂದೆ.

“ಸತ್ರ ಮನಶ್ಯಾ ಆಗ್ತೇನಿ ಅನ್ನೋ ಲೆಕ್ಕಾ ಹೋತಕ್ಕ ತಿಳಿಯಂಗಿಲ್ಲ. ಮ್ಯಾಲೆ ಸ್ವಭಾವ ಉಳಿತೈತಿ ಅಂತ ನೀನ ಹೇಳಿದಿ. ನಿನ್ನ ಸ್ವಭಾವ ಏನು? ಅಂಜೂದು. ಅಂಜೋ ಹೋತ ಹಾರಂಗಿಲ್ಲ,” ಎಂದ ಹೆಂಡತಿಯ ತಮ್ಮ.

ತೀರ್ಪು ಸರಿಯಾಗಿತ್ತು. ಕಾಲೇಜಿನಲ್ಲಿ ಯಾವ ಹುಡುಗನೂ ನನ್ನ ಪಾಠವನ್ನು ಇಷ್ಟು ಚೆನ್ನಾಗಿ ತಿಳಿದುಕೊಂಡಿಲ್ಲ.

ಕೊನೆಗೆ ಷಡ್ಡಕನ ಮಾಂತ್ರಿಕನಿಗೆ ಒಂದು ಕಲ್ಲೇಟು ಬಿದ್ದು, ಅವನ ಲಕ್ಷ್ಯ ತಪ್ಪಿ, ಮಂತ್ರ ಮುರಿಯಿತು. ಕತ್ತಿ, ಬೂಟುಗಳ ಸಮೇತ ನನ್ನ ವೀರ ಮನುಷ್ಯನಾದ. ಮೊದಲು ಹೇಗಿದ್ದನೋ ಹಾಗೇ ಎಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಆಟ ಮುಗಿಸಿ ಚಹಾಕ್ಕೆ ಕೂತೆವು. ಒಳಗಿನಿಂದ ಮಿರ್ಚಿ ಭಜಿ ಬಂತು.

“ಮಾಮಾ, ಆ ತಾಟು ಈ ಕಡೆ ಸರಸು,” ಎಂದ ಹೆಂಡತಿಯ ತಮ್ಮ ನನಗೆ. ತಾಟು ಸರಿಸಿದೆ. ಅವನು ಅದನ್ನು ಷಡ್ಡಕನ ಮುಂದಿಟ್ಟು, “ಬಿಸಿ ಅದಾವು, ತಗೋರಿ ಸಣ್ಣ ಮಾಮಾರ, ಆರತಾವು,” ಎಂದ.

ಯಾರಾದರೂ ನಗುತ್ತಾರೆಂದು ಕಾದೆ. ನಕ್ಕಿದ್ದರೆ ಅದು ಚೇಷ್ಟೆ ಎಂದು ಬಿಡಬಹುದಿತ್ತು. ಯಾರ ಕಿವಿಗೂ ಅದು ಬಿದ್ದಿರಲೇ ಇಲ್ಲ.

ವಾಪಸು ಬರುವಾಗ ಸಿಂದಗಿಯಲ್ಲಿ ಬಸ್ ಬದಲಿಸಬೇಕು. ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಹೆಂಡತಿಯ ಮುಂದೆ ವಿಷಯ ತೆಗೆದೆ.

“ಇಷ್ಟಕ್ಕ ಮುಖಾ ಊದಿಸ್ಕೊಂಡು ಕುಂತೀರೇನು?” ಎಂದಳು. “ಮನೀ ಮಗಾ ಅಂತ ತಿಳ್ಕೊಂಡಾನ ನಿಮ್ಮನ್ನ. ಖುಷಿ ಪಡ್ರಿ.”

“ಷಡ್ಡಕನ್ನ ಮನೀ ಮಗಾ ಅಂತ ತಿಳ್ಕೊಂಡಿಲ್ಲೇನು?”

ಅವಳು ಚೀಲದಿಂದ ನೀರಿನ ಬಾಟ್ಲಿ ತೆಗೆದು ಕುಡಿದಳು. “ಅವರಿಗೆ ಹಂಗ ಅಂದ್ರ ಸಿಟ್ಟು ಬರತೈತ್ರಿ.”

ಇಂಡಿ ಮುಟ್ಟುವವರೆಗೂ ಆ ಮಾತನ್ನೇ ಜಗಿದೆ. ನಾನು ಹಿರಿಯ ಅಳಿಯ, ಓದಿಕೊಂಡವನು, ಯಾರಿಗೂ ಕೇಡು ಬಯಸದವನು. ಇವಕ್ಕೆಲ್ಲ ಸಿಗುತ್ತಿದ್ದ ಕಿಮ್ಮತ್ತು ‘ರಿ’ ಎಂದು ತಿಳಿದಿದ್ದೆ. ಅದು ಸಿಟ್ಟಿಗೆ ಕೊಡುವ ಕಪ್ಪ. ನಾನು ಸಿಟ್ಟು ಮಾಡದಿದ್ದರೂ ಇಷ್ಟು ವರ್ಷ ಕೊಟ್ಟುಕೊಂಡು ಬಂದದ್ದು ಬರೀ ರೂಢಿಯಿಂದ. ಆ ರೂಢಿ ಮುರಿಯಲು ಒಂದು ನೆಪ ಬೇಕಿತ್ತು, ಹೋತ ಸಿಕ್ಕಿತು.

ಹಾಗಾದರೆ ಸಿಟ್ಟಾಗುವುದೇ ಸರಿ ಎಂದುಕೊಂಡೆ. ಮುಂದಿನ ಭಾನುವಾರದವರೆಗೆ ತಯಾರಿ ನಡೆಸಿದೆ. ಕನ್ನಡಿಯ ಮುಂದೆ ಹುಬ್ಬು ಗಂಟಿಕ್ಕಿ, “ಏನಪಾ, ಹಿರೇರ ಜೋಡಿ ಮಾತಾಡೋ ರೀತಿ ಇದೇನು?” ಎಂದು ಹೇಳಿ ನೋಡಿದೆ. ದನಿ ಸ್ವಲ್ಪ ನಡುಗುತ್ತಿತ್ತು, ಆದರೆ ಅದು ಸಿಟ್ಟಿನ ನಡುಕ ಎಂದೂ ತಿಳಿಯಬಹುದಿತ್ತು. ಬಿ.ಪಿ. ಗುಳಿಗೆಯನ್ನು ಒಂದು ತಾಸು ಮೊದಲೇ ನುಂಗಿದೆ. ಹೆಂಡತಿ ಹಿಂದಿನ ದಿನವೇ ತವರಿಗೆ ಹೋಗಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿ ಅಲುಗಾಡಿಸುತ್ತಿದ್ದೆ; ಪಕ್ಕದ ಸೀಟಿನ ಹೆಂಗಸು ಜಪ ಮಾಡುತ್ತಿದ್ದೇನೆಂದು ತಿಳಿದು ಸರಿದು ಜಾಗ ಬಿಟ್ಟಳು.

ಬಾಗೇವಾಡಿಯ ಮನೆಯ ಬಾಗಿಲಲ್ಲೇ ಹೆಂಡತಿಯ ತಮ್ಮ ದಾಳದ ಚೀಲ ಹಿಡಿದು ನಿಂತಿದ್ದ.

“ಬಾ ಮಾಮಾ. ಎಷ್ಟೊತ್ತು ಮಾಡಿದಿ? ಎಲ್ಲಾರೂ ಕಾಯಾಕತ್ತೇವಿ.”

ಹುಬ್ಬು ಗಂಟಿಕ್ಕಿದೆ. ಬಾಯಿ ತೆರೆದೆ.

“ಬಂದೇನ್ರಿ,” ಎಂದೆ. “ಸಿಂದಗಿ ಬಸ್ಸು ತಡಾ ಆತ್ರಿ.”

ಅವನು ಹೂಂ ಎಂದು ತಲೆಯಾಡಿಸಿ ಒಳಗೆ ಹೋದ. ನಾನು ಚಪ್ಪಲಿ ಬಿಟ್ಟು, ಕಾಲು ತೊಳೆದು, ಅವನ ಹಿಂದೆ ಹೋದೆ.