ಐದಡಿ ಮೂರಿಂಚಿನ ಮಂಚ

ಇಂಥ ಕಥೆಗಳನ್ನು ಹೇಳುವವರ ಮೇಲೆ ನನಗೆ ಸಿಟ್ಟಿತ್ತು. ಅಪನಂಬಿಕೆ ಎಂದರೆ ಸಾಲದು, ಸಿಟ್ಟೇ. ನಿಟ್ಟೂರಿನ ನನ್ನ ಸೋದರಮಾವ ರೈಲ್ವೆ ಗೇಟಿನ ಬಳಿ ತಾವು ಕಂಡ ಏನನ್ನೋ ವರ್ಣಿಸಲು ಶುರುಮಾಡಿದರೆ ಸಾಕು, ಆಗ ಎಷ್ಟು ಗಂಟೆ, ಎಷ್ಟು ದೂರದಲ್ಲಿ ಕಂಡಿತು, ಜೊತೆಗೆ ಯಾರಿದ್ದರು ಎಂದು ಅಡ್ಡಪ್ರಶ್ನೆ ಹಾಕುತ್ತಿದ್ದೆ. "ಇವ್ಳು ಎಂ.ಎ. ಮಾಡಿದ್ದೇ ನನ್ ಮಾನ ಕಳ್ಯೋಕೆ ಕಣ್ರೋ" ಎಂದು ಅವರು ಒಮ್ಮೆ ಊಟದ ಎಲೆ ಬಿಟ್ಟು ಎದ್ದರು. ವಿವರಿಸಲಾಗದ್ದು ಎಂಬ ಮಾತು ಹೊಣೆಯಿಂದ ನುಣುಚಿಕೊಳ್ಳುವವರಿಗೆ ಅನುಕೂಲವಾಗಿ ಒದಗುವ ಮಾತು ಎಂದು ನಾನು ಬಲವಾಗಿ ನಂಬಿದ್ದೆ. ರಸ್ತೆ ಕುಸಿದರೆ ವಿಧಿ, ಚಿಕಿತ್ಸೆ ತಪ್ಪಿದರೆ ಹಣೆಬರಹ. ಹೆಸರಿರುವ ತಪ್ಪಿತಸ್ಥನಿಗೆ ಮಾತ್ರ ಏನೂ ಆಗುವುದಿಲ್ಲ. ಇಂದಿಗೂ ಬಹುಪಾಲು ಹಾಗೆಯೇ ನಂಬುತ್ತೇನೆ. ಆದರೆ ಒಂದು ವರ್ಷದ ಹಿಂದೆ ತುಮಕೂರಿನ ಒಂದು ಖಾಲಿ ಮನೆಯಲ್ಲಿ ನಡೆದದ್ದು ಈ ನಂಬಿಕೆಗೆ ಒಗ್ಗದೆ ಉಳಿದುಬಿಟ್ಟಿದೆ. ಅದು ನಡೆದದ್ದು ರಾತ್ರಿಯಲ್ಲ. ಬೆಳಗಿನ ಹನ್ನೊಂದೂವರೆಗೆ, ಕಿಟಕಿಗಳೆಲ್ಲ ತೆರೆದಿದ್ದಾಗ, ನಾಲ್ವರ ಕಣ್ಣೆದುರಿಗೆ.

ಎಂ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನನಗೆ ಆಗ ಸಿಕ್ಕಿದ್ದು ಖಾಲಿ ಮನೆಗಳನ್ನು ಸಜ್ಜುಗೊಳಿಸುವ ಕೆಲಸ. ಕಟ್ಟಿ ಮುಗಿದು ಮಾರಾಟವಾಗದೆ ನಿಂತ ಮನೆಗಳಿಗೆ ನಿಜವಾದ ಸೋಫಾ, ಊಟದ ಮೇಜು, ಮಂಚ, ಪರದೆಗಳನ್ನು ತಂದು ಜೋಡಿಸಬೇಕು. ಬರಿಯ ಗೋಡೆಗಳನ್ನು ನೋಡಿ ಇಲ್ಲಿ ನಮ್ಮ ಸಂಸಾರ ಹಿಡಿಸುತ್ತದೆಯೇ ಎಂದು ಊಹಿಸಲು ಹೆಚ್ಚಿನವರಿಗೆ ಆಗುವುದಿಲ್ಲ. ಸಾಮಾನು ಕಂಡರೆ ಅವರಿಗೆ ಮನೆ ಕಾಣುತ್ತದೆ. ಮಾರಾಟವಾದ ಮೇಲೆ ಎಲ್ಲವನ್ನೂ ಟೆಂಪೋಗೆ ಹೇರಿ ಮುಂದಿನ ಮನೆಗೆ ಒಯ್ಯುತ್ತಿದ್ದೆವು. ಇಷ್ಟರಲ್ಲಿ ತಪ್ಪೇನೂ ಇಲ್ಲ. ನಾನೂ ಮೊದಮೊದಲು ಉತ್ಸಾಹದಿಂದಲೇ ದುಡಿದೆ.

ತಪ್ಪು ಇದ್ದದ್ದು ಅಳತೆಯಲ್ಲಿ. ನಮ್ಮ ಮಂಚಗಳು ಗುಬ್ಬಿಯ ಒಬ್ಬ ಆಚಾರಿಯ ಬಳಿ ತಯಾರಾಗುತ್ತಿದ್ದವು, ಉದ್ದ ಐದಡಿ ಮೂರಿಂಚು. ಸಾಮಾನ್ಯ ಮಂಚಕ್ಕಿಂತ ಒಂದಡಿಗೂ ಹೆಚ್ಚು ಗಿಡ್ಡ. ಅಗಲ, ಎತ್ತರ, ದಿಂಬು ಎಲ್ಲವೂ ಅದಕ್ಕೆ ತಕ್ಕಂತೆ ಕಿರಿದಾಗಿದ್ದರಿಂದ ಕಣ್ಣಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕೋಣೆ ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಮೊದಲ ಸಲ ಆರ್ಡರ್ ಕೊಡಲು ಹೋದಾಗ ಆಚಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದರು, "ಯಾರವ್ವ ಇದ್ರಲ್ಲಿ ಮಲಗೋದು? ಸ್ಕೂಲ್ ಮಕ್ಳಾ?"

"ಯಾರೂ ಮಲಗಲ್ಲ, ನೋಡೋಕೆ."

"ನೋಡಕ್ಕೊಂದ್ ಮಂಚ! ಆಯ್ತು ಬುಡವ್ವ, ಇನ್ಮೇಲೆ ಉಣ್ಣಕ್ಕೊಂದು ತಟ್ಟೆ, ನೋಡಕ್ಕೊಂದು ತಟ್ಟೆ ಮಾಡ್ಸಿ."

ಸಂಸ್ಥೆಯ ಮಾಲೀಕ ಲೋಕೇಶ್ ಅವರನ್ನು ನಾನು ಎರಡು ಬಾರಿ ನೇರವಾಗಿ ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ಸುಳ್ಳೆಲ್ಲಿದೆ ಮೇಡಂ? ಗೋಡೆ ಗೋಡೆನೇ, ಮಂಚ ಮಂಚಾನೇ. ಅಳೀಬೇಡಿ ಅಂತ ಯಾರಿಗಾದ್ರೂ ಹೇಳಿದೀವಾ?" ಎಂದು ನಕ್ಕರು. ಮಾತು ಕಾನೂನಿನ ದೃಷ್ಟಿಯಿಂದ ಅಚ್ಚುಕಟ್ಟಾಗಿತ್ತು. ಅಳೆಯಲು ಹೊರಟವರಿಗೆ ಅಡ್ಡಿಯಿರಲಿಲ್ಲ. ಆದರೆ ಪ್ರತಿ ಮಂಚದ ಮೇಲೂ 'ದಯವಿಟ್ಟು ಕೂರಬೇಡಿ' ಎಂಬ ಫಲಕವಿರುತ್ತಿತ್ತು, ಮತ್ತು ಅದನ್ನು ಇಡುವುದು ನನ್ನ ಕೆಲಸವಾಗಿತ್ತು.

ಆ ಮನೆ ಕುಣಿಗಲ್ ರಸ್ತೆಗೆ ಹತ್ತಿರದ ಹೊಸ ಬಡಾವಣೆಯಲ್ಲಿತ್ತು. ಕೆಳಗೆ ಹಾಲ್, ಅಡುಗೆಮನೆ, ಒಂದು ಸಣ್ಣ ಕೋಣೆ. ಮೇಲೆ ಎರಡು ಕೋಣೆ. ಕೆಳಗಿನ ಆ ಕೋಣೆಯೇ ಇಲ್ಲಿಯ ವಿಷಯ. ಉದ್ದ ಎಂಟಡಿ. ಬಾಗಿಲು ಒಳಕ್ಕೆ ತೆರೆದುಕೊಂಡರೆ ಎರಡೂವರೆ ಅಡಿ ಅದಕ್ಕೇ ಹೋಗುತ್ತದೆ. ಹೊರಕ್ಕೆ ತೆರೆಯುವಂತೆ ಮಾಡೋಣವೆಂದರೆ ಮಹಡಿಯ ಮೆಟ್ಟಿಲು ಅಡ್ಡ. ಇನ್ನೊಂದು ಮಗ್ಗುಲಿಗೆ ಗೋಡೆಯಲ್ಲೇ ಕಟ್ಟಿದ ಕಪಾಟು. ಒಟ್ಟಿನಲ್ಲಿ ದೊಡ್ಡವರು ಮಲಗುವ ಮಂಚವನ್ನು ಅಲ್ಲಿ ಹೇಗೆ ಹಾಕಿದರೂ ಬಾಗಿಲು ತೆರೆಯದು. ನಮ್ಮ ಗಿಡ್ಡ ಮಂಚ ಹಾಕಿದ ಮೇಲೆ ಮಾತ್ರ ಪಕ್ಕದಲ್ಲಿ ಸ್ಟೂಲು, ಅದರ ಮೇಲೆ ಹೂವಿನ ಕುಂಡ ಇಡುವಷ್ಟು ಜಾಗ ಉಳಿಯಿತು. ಜೋಡಿಸಿದ್ದು ನಾನೇ. ಟೇಪು ಹಿಡಿದು ಅಳೆದವಳೂ ನಾನೇ.

ನೋಡಲು ಬಂದವರು ಕುಣಿಗಲ್‌ನ ರಂಗಸ್ವಾಮಯ್ಯ ಮತ್ತು ಅವರ ಹೆಂಡತಿ ಜಯಮ್ಮ. ರಂಗಸ್ವಾಮಯ್ಯ ಇಪ್ಪತ್ತು ವರ್ಷಕ್ಕೂ ಮೇಲೆ ಖಾಸಗಿ ಬಸ್ ಓಡಿಸಿದವರು. ಆರಡಿ ಒಂದಿಂಚು ಎತ್ತರದ ಆಳು. ಅಪಘಾತವೊಂದರ ನಂತರ ಬಲಗಾಲಿಗೆ ಕಬ್ಬಿಣದ ಸರಳು ಹಾಕಿದ್ದರು. ಮಂಡಿ ಒಂದಿಷ್ಟೂ ಮಡಚುತ್ತಿರಲಿಲ್ಲ. ಕುಣಿಗಲ್‌ನ ಬಾಡಿಗೆ ಮನೆಯಲ್ಲಿ ಅವರು ನೆಲದ ಮೇಲೆ ಮಲಗಿದರೆ ಆ ಕಾಲು ಹಾಲ್‌ನ ಬಾಗಿಲಿಗೆ ಅಡ್ಡಲಾಗುತ್ತಿತ್ತಂತೆ. ಮೂರು ವರ್ಷದಿಂದ ಮನೆಯವರು ಅವರ ಕಾಲು ದಾಟಿಯೇ ಅಡುಗೆಮನೆಗೆ ಹೋಗಬೇಕಿತ್ತು. ಮಲಗಿದವರನ್ನು ದಾಟಬಾರದು ಎಂದು ಕಲಿತ ಜಯಮ್ಮ ಪ್ರತಿ ಸಲ ದಾಟಿದಾಗಲೂ ಬಗ್ಗಿ ಆ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. "ದಿನಕ್ಕೆ ನಲವತ್ತು ನಮಸ್ಕಾರ ಬೀಳ್ತವೆ. ಯಾವ ದೇವ್ರಿಗೂ ಇಷ್ಟಿಲ್ಲ" ಎಂದು ರಂಗಸ್ವಾಮಯ್ಯ ನಗುತ್ತಲೇ ಹೇಳಿದರು. ಜಯಮ್ಮ ನಗಲಿಲ್ಲ. ಕೆಳಗಡೆಯೇ ಒಂದು ಕೋಣೆ, ಅದರಲ್ಲಿ ಗಂಡ ಕಾಲು ನೀಡಿ ಮಲಗಬೇಕು, ಯಾರೂ ಅವರನ್ನು ದಾಟಬಾರದು. ಆಕೆ ಮನೆ ಹುಡುಕುತ್ತಿದ್ದದ್ದು ಅಷ್ಟಕ್ಕೇ.

ಕೋಣೆಯನ್ನು ನೋಡಿ ಆಕೆಯ ಮುಖ ಅರಳಿದ್ದನ್ನು ನಾನು ಕಂಡೆ. ಆಗ ಬಾಯಿಬಿಟ್ಟು, ಅಮ್ಮಾ, ಈ ಮಂಚ ಗಿಡ್ಡ, ನಿಮ್ಮ ಮಂಚ ಇಲ್ಲಿ ಹಿಡಿಸುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಲೋಕೇಶ್ ಬಾಗಿಲಲ್ಲಿ ನಿಂತಿದ್ದರು, ತಿಂಗಳ ಸಂಬಳ ಇನ್ನೂ ಬರಬೇಕಿತ್ತು, ಮತ್ತು ನಾನು ಬುದ್ಧಿವಂತಿಕೆಯ ದಾರಿಯೊಂದನ್ನು ಕಂಡುಕೊಂಡೆನೆಂದು ಭಾವಿಸಿದೆ. ನಾನು ಹೇಳುವ ಬದಲು ಮಂಚವೇ ಹೇಳಲಿ. ಫಲಕವನ್ನು ತೆಗೆದು ಕೆಳಗಿಟ್ಟು, "ಸರ್, ಒಂದ್ಸಲ ಮಲಗಿ ನೋಡಿ" ಎಂದೆ. ಸಾಕ್ಷಿಗಿರಲಿ ಎಂದು ಮೊಬೈಲನ್ನೂ ಕೈಗೆತ್ತಿಕೊಂಡೆ. ಲೋಕೇಶ್ ನನ್ನನ್ನು ದುರುಗುಟ್ಟಿ ನೋಡಿದರು.

ರಂಗಸ್ವಾಮಯ್ಯ ಕೋಲನ್ನು ಗೋಡೆಗೊರಗಿಸಿ ಕುಳಿತು, ಎರಡೂ ಕೈಗಳಿಂದ ಬಲಗಾಲನ್ನೆತ್ತಿ ಮಂಚದ ಮೇಲಿಟ್ಟು, ನಿಧಾನವಾಗಿ ಹಿಂದಕ್ಕೆ ಒರಗಿದರು. ತಲೆ ದಿಂಬಿನ ಮೇಲಿತ್ತು. ಕಾಲ ಕಡೆಗೆ ಗೇಣುದ್ದ ಎತ್ತರದ ಹಲಗೆಯಿತ್ತು. ಅವರ ಹಿಮ್ಮಡಿ ಅದಕ್ಕೆ ಬಡಿಯಬೇಕಿತ್ತು. ಬಡಿಯುವುದೇನು, ಮಲಗಲೇ ಆಗಬಾರದಿತ್ತು.

ಅವರು ಪೂರ್ತಿ ನೀಡಿಕೊಂಡು ಮಲಗಿದರು. ಹಿಮ್ಮಡಿಗೂ ಹಲಗೆಗೂ ನಡುವೆ ಇನ್ನೂ ನನ್ನ ಒಂದು ಅಂಗೈ ಇಡುವಷ್ಟು ಜಾಗವಿತ್ತು.

"ಜಯಾ, ಇಲ್ಲ್ ನೋಡೇ. ಪೂರ್ತಿ ನೀಡ್ದೆ ಕಣೇ."

"ಏಳ್ರೀ, ಬೇರೆಯವ್ರ ಹಾಸಿಗೆ."

"ಇರೇ, ಒಂದ್ ನಿಮಿಷ ಇರೇ" ಎಂದು ಅವರು ಕಣ್ಣು ಮುಚ್ಚಿದರು. ಒಂದಲ್ಲ, ಐದಾರು ನಿಮಿಷ ಹಾಗೇ ಮಲಗಿದ್ದರು. ಜಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಫೋಟೋ ತೆಗೆದೆ. ನಂತರ ಲೋಕೇಶ್ ಕಡೆ ನೋಡಿದೆ. ಆ ಮಂಚದ ಅಳತೆ ತಿಳಿದಿದ್ದ ಇನ್ನೊಬ್ಬ ವ್ಯಕ್ತಿ ಅಲ್ಲಿ ಅವರೊಬ್ಬರೇ. ಅವರ ಮುಖದಲ್ಲಿ ಗೆದ್ದ ಭಾವವಿರಲಿಲ್ಲ. ಬಾಯಿ ತುಸು ತೆರೆದಿತ್ತು.

ಅವರಿಬ್ಬರೂ ಹೋದ ತಕ್ಷಣ ಟೇಪು ತಂದು ಮಂಚವನ್ನು ಅಳೆದೆ. ಐದಡಿ ಮೂರಿಂಚು. ಮತ್ತೆ ಅಳೆದೆ. ಟೇಪು ಕೆಟ್ಟಿರಬಹುದೆಂದು ಲೋಕೇಶ್ ಕಾರಿನಿಂದ ಬೇರೊಂದನ್ನು ತಂದುಕೊಟ್ಟರು. ಅದೂ ಅಷ್ಟೇ ತೋರಿಸಿತು. "ನೀವೇನಾದ್ರೂ ಮಂಚ ಬದಲಾಯಿಸಿದ್ರಾ ಮೇಡಂ?" ಎಂದು ಕೇಳಿದರು. ಇಲ್ಲವೆಂದೆ. ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು, "ಆಯ್ತಲ್ಲ, ಅವ್ರಿಗೆ ಹಿಡಿಸ್ತಲ್ಲ, ಬಿಟ್ಬಿಡಿ" ಎಂದು ಹೊರಟರು. ವಾರದೊಳಗೆ ಮನೆ ಮಾರಾಟವಾಯಿತು. ಮುಂದಿನ ತಿಂಗಳು ನಾನು ಕೆಲಸ ಬಿಟ್ಟೆ.

ಓದುಗರು ಈಗ ಹಾಕಬಹುದಾದ ಪ್ರಶ್ನೆಗಳನ್ನೆಲ್ಲ ನಾನೇ ನನಗೆ ಹಾಕಿಕೊಂಡಿದ್ದೇನೆ. ಮಂಡಿ ಮಡಚಿದ್ದರೇ? ಅದು ಮಡಚುವ ಮಂಡಿಯೇ ಅಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದ್ದರೇ? ಫೋಟೋದಲ್ಲಿ ಅವರು ಪಕ್ಕದ ಗೋಡೆಗೆ ಸಮಾನಾಂತರವಾಗಿ ನೆಟ್ಟಗೆ ಮಲಗಿದ್ದಾರೆ. ಎತ್ತರವನ್ನು ನಾನು ತಪ್ಪಾಗಿ ಅಂದಾಜಿಸಿದೆನೇ? ಆಮೇಲೊಂದು ದಿನ ಅವರನ್ನು ಗೋಡೆಗೆ ನಿಲ್ಲಿಸಿ, ಪೆನ್ಸಿಲಿನಿಂದ ಗುರುತು ಹಾಕಿ ಅಳೆದೆ: ಆರಡಿ ಒಂದಿಂಚು. ಆ ಕೋಣೆಯ ನೆಲಕ್ಕೆ ಎರಡಡಿಯ ಟೈಲ್ಸ್ ಹಾಕಿದ್ದಾರೆ. ಫೋಟೋದಲ್ಲಿ ಮಂಚ ಗೋಡೆಯಿಂದ ಹೊರಟು ಮೂರನೆಯ ಟೈಲ್ಸಿನ ಅರ್ಧವನ್ನು ದಾಟಿ ಮುಗಿಯುತ್ತದೆ, ಎಷ್ಟು ಇರಬೇಕೋ ಅಷ್ಟೇ. ರಂಗಸ್ವಾಮಯ್ಯ ಅದಕ್ಕೂ ಮೊದಲೇ ಮುಗಿಯುತ್ತಾರೆ. ಅವರು ಕುಗ್ಗಿದಂತೆಯೂ ಕಾಣುವುದಿಲ್ಲ. ಒಬ್ಬ ದೊಡ್ಡ ಮನುಷ್ಯ ನೆಮ್ಮದಿಯಾಗಿ ಮಲಗಿದ್ದಾನೆ ಎಂದಷ್ಟೇ ಕಾಣುತ್ತದೆ.

ಐದು ತಿಂಗಳ ಬಳಿಕ ಜಯಮ್ಮ ಫೋನ್ ಮಾಡಿದರು. "ಮಲಗಿ ನೋಡಿ ಅಂದೋಳು ನೀನೇ ಅಲ್ವೇನಮ್ಮ? ಬಂದು ಈಗ ನೋಡು" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಹೋದೆ. ಈ ಮನೆಗೆಂದೇ ಮಾಡಿಸಿ ತಂದ ಅವರ ಮಂಚ ಕೋಣೆಯೊಳಗೆ ಹಿಡಿಸದೆ ಮಹಡಿಯಲ್ಲಿ ಬಿದ್ದಿತ್ತು. ಬರಿಯ ಹಾಸಿಗೆ ಹಾಸಿದರೂ ಬಾಗಿಲು ಅವರ ಕಾಲಿಗೆ ತಾಗುತ್ತಿತ್ತು. ರಂಗಸ್ವಾಮಯ್ಯ ಹಾಲ್‌ನಲ್ಲಿ ಮಲಗಿದ್ದರು, ಬಲಗಾಲು ಮೆಟ್ಟಿಲಿನ ದಾರಿಗೆ ಅಡ್ಡವಾಗಿತ್ತು. ಆ ಕೋಣೆಯನ್ನು ಅಳೆಯಲು ನಾನು ಅವರನ್ನು ದಾಟಿಯೇ ಹೋಗಬೇಕಾಯಿತು. ದಾಟಿ, ಬಗ್ಗಿ, ಆ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ನನ್ನ ತರ್ಕಕ್ಕೆ ಆ ಕ್ಷಣ ಬೇರೇನೂ ತೋಚಲಿಲ್ಲ.

ಗಿಡ್ಡ ಮಂಚದ ವಿಷಯವನ್ನು ಆ ದಿನ ಪೂರ್ತಿ ಹೇಳಿದೆ. ಗ್ರಾಹಕರ ನ್ಯಾಯಾಲಯದಲ್ಲಿ ದೂರು ಕೊಡೋಣ, ಲೋಕೇಶ್ ಮತ್ತು ಮನೆ ಕಟ್ಟಿಸಿದವರು ಉತ್ತರ ಕೊಡಲಿ, ನನ್ನ ಪಾಲಿನ ತಪ್ಪನ್ನೂ ಬರೆಯುತ್ತೇನೆ, ಸಾಕ್ಷಿಯಾಗಿ ನಿಲ್ಲುತ್ತೇನೆ ಎಂದೆ. ಜಯಮ್ಮ ಟೇಪನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟರು. "ಅವತ್ತೇ ಬಾಯ್ಬಿಟ್ಟಿದ್ರೆ ಏನಾಗ್ತಿತ್ತು ನಿಂಗೆ?" ಎಂದರು. ಆದರೂ ಬರಿ ಎಂದರು.

ಒಪ್ಪದೆ ಹೋದವರು ರಂಗಸ್ವಾಮಯ್ಯ. "ಮಂಚ ಗಿಡ್ಡ ಅಂತ ಬರಿ ಮಗಾ, ಬೇಡ ಅನ್ನಲ್ಲ. ನಾನ್ ಮಲ್ಗಿದ್ನಲ್ಲ, ಅದ್ನೂ ಬರಿ. ಕಾಲ್ ಹಿಂಗಾದ್ಮೇಲೆ ನಾನು ಯಾರ್ ದಾರಿಗೂ ಅಡ್ಡ ಬರ್ದೆ ನೆಟ್ಟಗೆ ಮಲ್ಗಿದ್ದು ಅದೊಂದೇ ಸಲ. ಅದ್ನ ಸುಳ್ಳು ಮಾಡಿ ನಾನು ಸೈನ್ ಹಾಕಕಿಲ್ಲ."

"ಹಂಗ್ ಬರುದ್ರೆ ಯಾರ್ರೀ ನಂಬ್ತಾರೆ?" ಎಂದು ಜಯಮ್ಮ ರೇಗಿದರು.

"ನೀನೇ ನೋಡ್ಲಿಲ್ವೇನೇ?"

ಜಯಮ್ಮ ಅವರ ಕಾಲಿನ ಕೆಳಗಿನ ದಿಂಬನ್ನು ಸರಿಮಾಡಿದರು.

ಹಾಗಾಗಿ ಎರಡನ್ನೂ ಬರೆದೆ. ನಾಲ್ಕನೆಯ ಪ್ಯಾರಾದಲ್ಲಿ ಮಂಚದ ಉದ್ದ ಐದಡಿ ಮೂರಿಂಚು ಎಂದು, ಐದನೆಯದರಲ್ಲಿ ಆರಡಿ ಒಂದಿಂಚಿನ ದೂರುದಾರರು ಅದೇ ಮಂಚದ ಮೇಲೆ ಪೂರ್ಣವಾಗಿ ಕಾಲು ಚಾಚಿ ಮಲಗಿದರೆಂದು. ನಮ್ಮ ಪರವಾಗಿ ದೂರು ಸಲ್ಲಿಸಲು ಒಪ್ಪಿದ್ದ ವಕೀಲೆ ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಲ್ಕು ನಿಜ ಆದ್ರೆ ಐದು ಸುಳ್ಳು. ಐದು ನಿಜ ಆದ್ರೆ ದೂರೇ ಇಲ್ಲ. ಯಾವುದಮ್ಮ ನಿಜ?" ಎಂದರು. ಎರಡೂ ಎಂದೆ. ಅವರು ಹಾಳೆಗಳನ್ನು ನನ್ನ ಕಡೆಗೆ ಸರಿಸಿ, "ಒಂದನ್ನ ಹೊಡ್ದಾಕಿ ತಗೊಂಡ್ ಬಾ" ಎಂದರು.

ನಾಲ್ಕನ್ನು ಹೊಡೆದುಹಾಕಿದರೆ ಮೋಸ ಮಾಡಿದವರಾಗಲಿ, ಅವರೊಂದಿಗೆ ನಾನಾಗಲಿ ಉತ್ತರ ಕೊಡಬೇಕಾದ ಅಗತ್ಯವೇ ಇರುವುದಿಲ್ಲ. ಐದನ್ನು ಹೊಡೆದರೆ ರಂಗಸ್ವಾಮಯ್ಯ ಸಹಿ ಹಾಕುವುದಿಲ್ಲ. ನಾನೂ ಕಣ್ಣಾರೆ ಕಂಡದ್ದನ್ನು ಇಲ್ಲವೆಂದ ಸಾಕ್ಷಿಯಾಗುತ್ತೇನೆ. ಹೋದ ವಾರ ಜಯಮ್ಮ ಮತ್ತೆ ಫೋನ್ ಮಾಡಿ, "ಯಾವ್ದನ್ನ ಹೊಡ್ದೆ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ಆ ಕಡೆ ಅವರು ಏನನ್ನೋ ದಾಟಿ ನಿಂತದ್ದು, ಬಗ್ಗಿದಾಗ ಬಳೆ ಸದ್ದಾದದ್ದು, ಮತ್ತೆ ಮುಂದೆ ನಡೆದದ್ದು ಕೇಳಿಸಿತು.